ಕೈ ಹಿಡಿಯುವ ವಾರ

ಲಾಂಡ್ರಿಯ ಕೆಲಸದ ಹೆಂಗಸು ಗುಬ್ಬಿಯ ಬೆರಳು ಹೋದ ದಿನ ಮೇಸ್ತ್ರಿಯ ಮನೆಯಲ್ಲಿ ಊಟಕ್ಕೆ ಮುಂಚಿನ ಪ್ರಾರ್ಥನೆ ಎಂದಿಗಿಂತ ಉದ್ದವಾಯಿತು. ಬೇಯಿಸಿದ ಆಲೂಗಡ್ಡೆ ತಣ್ಣಗಾಯಿತು, ಮೊಟ್ಟೆ ತಣ್ಣಗಾಯಿತು, ಮುದುಕಿಯ ಗಂಜಿಯ ಮೇಲೆ ಕೆನೆ ಕಟ್ಟಿತು. ಮೇಸ್ತ್ರಿ ಕಣ್ಣು ಮುಚ್ಚಿಕೊಂಡು ಗಾಯಗೊಂಡ ಸಹೋದರಿಗಾಗಿ, ವೈದ್ಯರ ಕೈಗಳಿಗಾಗಿ, ಲಾಂಡ್ರಿಯ ಯಜಮಾನರ ಮನಸ್ಸಿನ ನೆಮ್ಮದಿಗಾಗಿ ಬೇಡಿಕೊಂಡೇ ಬೇಡಿಕೊಂಡ. ರೋಲರಿಗೆ ಕಟ್ಟಿದ್ದ ತಂತಿಯ ವಿಷಯ ಮಾತ್ರ ದೇವರಿಗೂ ಹೇಳಲಿಲ್ಲ.

"ಆಮೆನ್," ಅಂದಳು ಅವನ ತಾಯಿ, ಅವನು ಮುಗಿಸುವ ಮುಂಚೆಯೇ. ಎಪ್ಪತ್ತೆಂಟರ ಜೀವಕ್ಕೆ ಹಸಿವು ತಡೆಯದು. "ಎಷ್ಟು ಬೆರಳು ಹೋಯ್ತು?"

"ಮೂರು," ಅಂದಳು ಸೊಸೆ. "ಬಲಗೈದು."

"ಹೆಬ್ಬೆಟ್ಟು?"

"ಅದು ಉಳೀತು."

"ಹಾಗಾದ್ರೆ ಚಮಚ ಹಿಡೀಬಹುದು," ಅಂದು ಮುದುಕಿ ತನ್ನ ಚಮಚ ಹಿಡಿದಳು.

ಈ ಸೊಸೆಗೆ ಲಾಂಡ್ರಿಯ ಹೆಂಗಸರು ಇಟ್ಟ ಹೆಸರು ಬಾಣಲೆ. ಒಲೆಯ ಮೇಲಿಟ್ಟ ಕ್ಷಣಕ್ಕೆ ಕಾಯುತ್ತಾಳೆ, ಇಳಿಸಿದ ಮೇಲೂ ಆರುವುದಿಲ್ಲ ಅಂತ. ಹೆಸರು ಅವಳ ಕಿವಿಗೂ ಬಿದ್ದಿತ್ತು. ಅವಳಿಗೆ ಬೇಜಾರೇನೂ ಇರಲಿಲ್ಲ. ಇಪ್ಪತ್ತೊಂದು ವರ್ಷದಿಂದ ಅವಳು ಅಲ್ಲಿ ಬಟ್ಟೆ ಮಡಚುತ್ತಿದ್ದಳು. ಗಂಡ ಅಲ್ಲಿಯ ಮೇಸ್ತ್ರಿ. ಇರುವ ಮನೆಯೂ ಲಾಂಡ್ರಿಯದೇ, ಕಾಂಪೌಂಡಿನ ಒಳಗೆ. ಅಡುಗೆಮನೆಯ ಗೋಡೆಗೆ ಕೈ ಇಟ್ಟರೆ ಆಚೆಯ ಬಾಯ್ಲರಿನ ಬಿಸಿ ತಿಳಿಯುತ್ತಿತ್ತು. ಭಾನುವಾರ ಗಂಡ ಚರ್ಚಿನಲ್ಲಿ ಹಿರಿಯರ ಬೆಂಚಿನ ಮೇಲೆ ಕೂರುತ್ತಿದ್ದ. ಬುಧವಾರ ಸಂಜೆ ಎಳೆಯರಿಗೆ ಶಿಷ್ಯರ ಪಾಠ ಹೇಳುತ್ತಿದ್ದ. ಇವತ್ತಿನ ಕಾಲದಲ್ಲಿ ಯೇಸುವಿನ ಶಿಷ್ಯನಾಗಿ ಬದುಕುವುದು ಹೇಗೆ ಅನ್ನುವುದಕ್ಕೆ ಅವನ ಹತ್ತಿರ ಬಣ್ಣದ ಪೆನ್ನಿನಲ್ಲಿ ಬರೆದ ದೊಡ್ಡ ಚಾರ್ಟೇ ಇತ್ತು. ಅದರಲ್ಲಿ ಹನ್ನೆರಡು ಅಂಶ. ಲಾಂಡ್ರಿಯ ಬಗ್ಗೆ ಒಂದೂ ಇರಲಿಲ್ಲ.

ನಡೆದದ್ದು ಇಷ್ಟು. ಲಾಂಡ್ರಿಯಲ್ಲಿ ಒಂದು ಇಸ್ತ್ರಿ ರೋಲರ್ ಇದೆ, ಆಳುದ್ದದ್ದು, ಉಗಿಯಲ್ಲಿ ಕಾಯುವಂಥದ್ದು. ಮುಂದೆ ಇಬ್ಬರು ಹೆಂಗಸರು ಒದ್ದೆ ಬಟ್ಟೆಯ ಎರಡು ತುದಿ ಹಿಡಿದು ಒಳಕ್ಕೆ ಕೊಡುತ್ತಾರೆ. ಹಿಂದೆ ಇಬ್ಬರು ಒಣಗಿ ಬಂದದ್ದನ್ನು ಎಳೆದು ಮಡಚುತ್ತಾರೆ. ರೋಲರಿನ ಬಾಯಿಗೆ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿ, ಕೈಪಟ್ಟಿ ಅನ್ನುತ್ತಾರೆ. ಬೆರಳು ಅದಕ್ಕೆ ತಾಗಿದರೆ ರೋಲರ್ ನಿಲ್ಲುತ್ತದೆ. ತೊಂದರೆ ಏನೆಂದರೆ, ದಪ್ಪ ಅಂಚಿನ ಬಟ್ಟೆ ತಾಗಿದರೂ ನಿಲ್ಲುತ್ತದೆ. ಆ ಮಂಗಳವಾರ ಎರಡು ಆಸ್ಪತ್ರೆಗಳ ಬಟ್ಟೆ ಒಟ್ಟಿಗೆ ಬಂದು ಬಿದ್ದಿತ್ತು. ಗಂಟೆಗೆ ಹತ್ತು ಸಲ ರೋಲರ್ ನಿಂತಿತು.

"ಇದೇನ್ರೀ ಇದು, ಮುದಿ ಕತ್ತೆ ಥರ ಹೆಜ್ಜೆಗೊಂದು ಸಲ ನಿಲ್ಲುತ್ತೆ! ಏನಾದ್ರೂ ಮಾಡ್ರೀ!" ಎಂದು ಕೂಗಿದವಳು ಬಾಣಲೆಯೇ. ಮೇಸ್ತ್ರಿ ಪಟ್ಟಿಯನ್ನು ಮೇಲಕ್ಕೆತ್ತಿ ಹಿಡಿದು, "ಒಂದು ತಂತಿ ಕೊಡು," ಅಂದ. ಅಂಗಿ ತೂಗುಹಾಕುವ ಹ್ಯಾಂಗರನ್ನು ಬಿಚ್ಚಿ, ನೆಟ್ಟಗೆ ಮಾಡಿ, ಅವನ ಕೈಗೆ ಕೊಟ್ಟವಳೂ ಬಾಣಲೆಯೇ. ಆಮೇಲೆ ರೋಲರ್ ನಿಲ್ಲಲಿಲ್ಲ. ಮೂರೂಕಾಲಿಗೆ ಗುಬ್ಬಿ ಸುಕ್ಕಾದ ಅಂಚನ್ನು ಬಿಡಿಸಲು ಕೈ ಚಾಚಿದಳು. ಆಗಲೂ ನಿಲ್ಲಲಿಲ್ಲ.

ಅವಳನ್ನು ಕರೆದೊಯ್ದ ಗಾಡಿ ಗೇಟು ದಾಟುವ ಮುಂಚೆಯೇ ಮೇಸ್ತ್ರಿ ತಂತಿ ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದ. ರೋಲರಿನ ಹತ್ತಿರ ಇದ್ದ ಉಳಿದಿಬ್ಬರು ಹೆಂಗಸರಿಗೆ ಮ್ಯಾನೇಜರ್ ಅಲ್ಲೇ ಹೇಳಿ ಮುಗಿಸಿದ್ದ: ನಿಮಗೇನೂ ಕಾಣಲಿಲ್ಲ.

"ಸರ್ಕಾರದವರು ತಪಾಸಣೆಗೆ ಬರ್ತಾರೆ," ಎಂದ ಮೇಸ್ತ್ರಿ ಆಲೂಗಡ್ಡೆ ಹಿಸುಕುತ್ತ. "ನೀನು ಹಿಂದುಗಡೆ ಇದ್ದೆ. ರೋಲರ್ ಅಡ್ಡ ಇತ್ತು. ಗೊತ್ತಾಯ್ತಾ?"

"ಗೊತ್ತಾಯ್ತು."

"ಏನು ಗೊತ್ತಾಯ್ತು?" ಕೇಳಿದಳು ಮಗಳು. ಇಪ್ಪತ್ತಮೂರು ವರ್ಷ, ಔಷಧಿ ಅಂಗಡಿಯಲ್ಲಿ ಕೆಲಸ; ಅರ್ಧ ಮಾತು ಕೇಳಿದರೆ ಉಳಿದರ್ಧ ಎಳೆದು ತೆಗೆಯುವ ಜಾತಿ.

"ಮೊಟ್ಟೆ ತಿನ್ನು," ಅಂದಳು ತಾಯಿ.

ಮಗಳು ಮೊಟ್ಟೆ ತಿನ್ನಲೂ ಇಲ್ಲ, ಸುಮ್ಮನಿರಲೂ ಇಲ್ಲ. ನಾಲ್ಕನೆಯ ದಿನ ಗುಬ್ಬಿಯ ತಾಯಿ, ಕಿವಿ ಕೇಳಿಸದ ಹೆಂಗಸು, ಅಂಗಡಿಗೆ ಬಂದು ಹತ್ತಿಬಟ್ಟೆಯ ಪಟ್ಟಿ ಕೇಳಿದ್ದಳಂತೆ. ಕೈಸನ್ನೆಯಲ್ಲಿ ಎಲ್ಲ ಹೇಳಿದ್ದಳಂತೆ: ಕೈಪಟ್ಟಿ ಮೇಲಿತ್ತು, ಏನೋ ಕಟ್ಟಿತ್ತು.

"ಯಾರು ಕಟ್ಟಿದ್ದು ಅಪ್ಪ?"

"ಕಿವುಡಿ ಮಾತು ಕಟ್ಟಿಕೊಂಡು ನನ್ನ ವಿಚಾರಣೆ ಮಾಡ್ತೀಯಾ?"

"ಕಿವುಡಿಗೆ ಕಣ್ಣಿದೆ. ಮಗಳ ಬಾಯಿ ನೋಡಿ ತಿಳ್ಕೊಂಡಿದ್ದಾಳೆ."

"ಅವಳಿಗೆ ಯಾರು ಕೈ ಹಾಕು ಅಂದ್ರು?" ಎಂದು ಬಾಣಲೆ ಒಲೆಯ ಮುಂದಿನಿಂದಲೇ ಸಿಡಿದಳು. "ಹನ್ನೊಂದು ವರ್ಷದಿಂದ ಇದ್ದಾಳೆ. ಉರಿಯೋ ಒಲೆಗೆ ಕೈ ಹಾಕಿ ಒಲೆ ಸುಡ್ತು ಅಂದ ಹಾಗಾಯ್ತು. ಕೆಲಸದ ಮೇಲೆ ಗಮನ ಇರಬೇಕು, ಎಲ್ಲೋ ನೋಡ್ತಾ ಎಲ್ಲೋ ಕೈ ಆಡಿಸ್ತಾ..."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ್ರಂತೆ," ಅಂದಳು ಮುದುಕಿ ಗೋಡೆಗೆ ಒರಗಿಕೊಂಡು. "ಕೇಳಿದ್ದು ಅವನನ್ನ, ಉರಿ ಹತ್ತಿದ್ದು ನಿನಗೆ."

"ಅತ್ತೆ, ನಿಮ್ಮ ಗಂಜಿ ನೀವು ಕುಡೀರಿ!"

ಈ ನಡುವೆ ಚರ್ಚಿನಲ್ಲಿ ಕೈ ಹಿಡಿಯುವ ವಾರ ಬಂತು. ಅವರ ಚರ್ಚು ಚಿಕ್ಕದು; ವರ್ಷಕ್ಕೆ ನಾಲ್ಕು ಸಲ ಮಾತ್ರ ಕರ್ತನ ಮೇಜಿನ ಊಟ, ರೊಟ್ಟಿ ಮತ್ತು ದ್ರಾಕ್ಷಾರಸ. ಅದಕ್ಕೆ ಮುಂಚಿನ ಏಳು ದಿನ ಒಂದು ನೇಮ. ಯಾರಿಗೆ ಯಾರ ಮೇಲೆ ಮುನಿಸಿದೆಯೋ ಅವರ ಮನೆಗೆ ಹೋಗಬೇಕು, ಬಲಗೈ ಹಿಡಿಯಬೇಕು, ಇಬ್ಬರೂ "ನಿನ್ನ ಮೇಲೆ ನನಗೇನೂ ಇಲ್ಲ" ಅನ್ನಬೇಕು. ಹಾಗೆ ಕೈ ಹಿಡಿಯದವರು ಮೇಜಿನ ಹತ್ತಿರ ಬರುವಂತಿಲ್ಲ. ರೊಟ್ಟಿಯ ತಟ್ಟೆ ಹಿಡಿಯುವ ಹಿರಿಯನ ಮೇಲಂತೂ ಯಾರ ದೂರೂ ಇರಬಾರದು. ತಲೆತಲಾಂತರದಿಂದ ನಡೆದ ನೇಮ. ಬೇಲಿ ಜಗಳ, ಕೋಳಿ ಜಗಳ, ಅತ್ತಿಗೆ ನಾದಿನಿಯರ ಜಗಳ ಎಲ್ಲ ಅದರಲ್ಲಿ ಮುಗಿಯುತ್ತಿದ್ದವು. ಇಲ್ಲವೇ ಮುಂದಿನ ಮೂರು ತಿಂಗಳಿಗೆ ಹೊಸದಾಗಿ ಶುರುವಾಗುತ್ತಿದ್ದವು.

ಗುರುವಾರ ಕೆಲಸ ಬಿಟ್ಟ ಮೇಲೆ ಮೇಸ್ತ್ರಿ ತೊಳೆದ ಅಂಗಿ ಹಾಕಿಕೊಂಡ. ಬಾಣಲೆ ಆರು ಕಿತ್ತಳೆ ಹಣ್ಣು ಚೀಲಕ್ಕೆ ಹಾಕಿದಳು. ಇಬ್ಬರೂ ಗುಬ್ಬಿಯ ಮನೆಗೆ ಹೋದರು.

ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಒಂದೇ ಕೋಣೆ. ಮೂವತ್ತೆರಡರ ಹೆಂಗಸಾದರೂ ಗುಬ್ಬಿ ಮಂಚದ ಮೇಲೆ ಶಾಲೆಗೆ ಹೋಗುವ ಹುಡುಗಿಯಷ್ಟೇ ಕಾಣುತ್ತಿದ್ದಳು. ಬಲಗೈ ದಿಂಬಿನ ಮೇಲಿತ್ತು, ಮಣಿಕಟ್ಟಿನವರೆಗೂ ಬಿಳಿ ಬಟ್ಟೆ ಸುತ್ತಿಕೊಂಡು. ಅವಳ ತಾಯಿ ಕಿತ್ತಳೆ ತೆಗೆದುಕೊಂಡು, ಎಣಿಸದೆ ಮೂಲೆಗಿಟ್ಟು, ಬಂದವರ ಬಾಯಿಯನ್ನೇ ನೋಡುತ್ತ ಕೂತಳು.

ಮೇಸ್ತ್ರಿ ಕೈ ಚಾಚಿದ. ಚಾಚಿದ ಮೇಲೆ ಅವನಿಗೆ ಹೊಳೆಯಿತು ಯಾವ ಕೈ ಹಿಡಿಯಬೇಕು ಅಂತ. ಕೈ ಗಾಳಿಯಲ್ಲೇ ನಿಂತಿತು. ಗುಬ್ಬಿಯೇ ಎಡಗೈ ಎತ್ತಿ ಅವನ ಬೆರಳು ಹಿಡಿದುಕೊಂಡಳು.

"ನಿಮ್ಮ ಮೇಲೆ ನನಗೇನೂ ಇಲ್ಲ ಮೇಸ್ತ್ರಿಯಣ್ಣ."

"ನಿನ್ನ ಮೇಲೆ ನನಗೇನೂ ಇಲ್ಲ ತಂಗಿ," ಎಂದ ಮೇಸ್ತ್ರಿ, ಏನೋ ಇದ್ದದ್ದನ್ನು ಬಿಟ್ಟುಕೊಟ್ಟವನ ಹಾಗೆ. ಕಣ್ಣಲ್ಲಿ ನೀರೂ ಬಂತು. ಅದು ನಾಟಕವಲ್ಲ, ಅವನು ಸುಲಭಕ್ಕೆ ಅಳುವ ಮನುಷ್ಯ. ಕಣ್ಣೊರೆಸಿಕೊಂಡು ಅದೇ ಕೈಯಿಂದ ಜೇಬಿನ ಕಾಗದ ತೆಗೆದ. "ಆಫೀಸಿನವರು ಒಂದು ಕಾಗದ ಕೊಟ್ಟಿದ್ದಾರೆ. ಸುಮ್ಮನೆ ರಿವಾಜು. ಎಡಗೈ ಹೆಬ್ಬೆಟ್ಟು ಸಾಕು."

"ಓದಿ ಅಣ್ಣ."

ಅವನು ಬೇಗಬೇಗ ಓದಿದ. ಗುಬ್ಬಿ ತಲೆ ಓರೆ ಮಾಡಿ ಕೇಳಿದಳು.

"ಕೈಪಟ್ಟಿ ನಾನೇ ಎತ್ತಿದೆ ಅಂತ ಇದೆಯಲ್ಲ?"

"ಅದು ಅವರ ಭಾಷೆ. ನೀನು ಕ್ಷಮಿಸಿದ್ದೀಯಲ್ಲ, ಇನ್ನೇನು?"

"ನಿಮ್ಮ ಮೇಲೆ ಏನೂ ಇಲ್ಲ ಅಂದೆ. ಪಟ್ಟಿ ನಾನು ಎತ್ತಿದೆ ಅಂತ ಯಾವಾಗ ಅಂದೆ?"

"ಎರಡೂ ಒಂದೇ ತಾನೇ? ಮನಸ್ಸಿನಲ್ಲಿ ಏನೂ ಇಲ್ಲ ಅಂದ ಮೇಲೆ ಕಾಗದದಲ್ಲಿ ಯಾಕೆ ಇರಬೇಕು?"

ಮೇಸ್ತ್ರಿ ಇದನ್ನು ಮೋಸ ಮಾಡಲು ಹೇಳಿದ್ದಲ್ಲ. ನಿಜವಾಗಿಯೂ ಹಾಗೇ ನಂಬಿದ್ದ. ಕೈ ಹಿಡಿದರೆ ಜಗಳ ಮುಗಿಯಿತು. ಜಗಳ ಮುಗಿದರೆ ನಡೆದದ್ದೂ ಮುಗಿಯಿತು. ಅವನಿಗೆ ಆ ನೇಮ ಕಲಿಸಿದ್ದು ಅಷ್ಟೇ.

ಗುಬ್ಬಿ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿಕೊಂಡಳು. "ಆಗಲ್ಲ ಅಣ್ಣ."

"ಏನೇ ಇದು ನಿನ್ನ ಸೊಕ್ಕು?" ಬಾಣಲೆ ಎದ್ದು ನಿಂತಳು. "ಹಿರಿಯರು ನಿನ್ನ ಬಾಗಿಲಿಗೆ ಬಂದಿದ್ದಾರೆ. ಬಾಯಲ್ಲಿ ಏನೂ ಇಲ್ಲ ಅಂತೀಯ, ಹೊಟ್ಟೇಲಿ ಹಗೆ ಇಟ್ಕೊಂಡಿದ್ದೀಯ."

ಗುಬ್ಬಿ ಅವಳನ್ನೇ ನೋಡಿದಳು. "ಅಕ್ಕ, ನೀವು ಅಲ್ಲೇ ಇದ್ದಿರಲ್ಲ."

ಬಾಣಲೆ ಗಂಡನಿಗಿಂತ ಮುಂಚೆ ಮನೆಯಿಂದ ಹೊರಬಿದ್ದು, ದಾರಿಯುದ್ದಕ್ಕೂ ಗುಬ್ಬಿಗೆ, ಅವಳ ತಾಯಿಗೆ, ಕಿತ್ತಳೆ ಮಾರಿದವನಿಗೂ ಸೇರಿಸಿ ಬೈದಳು.

ಶನಿವಾರ ಮಧ್ಯಾಹ್ನ ಮೇಸ್ತ್ರಿ ಅದೇ ಕಾಗದವನ್ನು ಊಟದ ಮೇಜಿನ ಮೇಲಿಟ್ಟ. ಕೆಳಗೆ ನೀಲಿ ಹೆಬ್ಬೆಟ್ಟು ಬಿದ್ದಿತ್ತು.

"ಅಯ್ಯನವರೇ ಹೋಗಿ ಮಾತಾಡಿದ್ರು," ಎಂದ. ಅಯ್ಯನವರು ಅಂದರೆ ಚರ್ಚಿನ ಪಾದ್ರಿ. "ಕ್ಷಮೆ ಅರ್ಧ ಮಾಡಿ ಅರ್ಧ ಬಿಟ್ಟವರು ಕರ್ತನ ಮೇಜಿಗೆ ಬರೋ ಹಾಗಿಲ್ಲ ಅಂದ್ರಂತೆ. ಒಂದೇ ಮಾತಿಗೆ ಒತ್ತಿದಳು."

"ಅತ್ತಳಾ?" ಕೇಳಿದಳು ಮುದುಕಿ.

"ಯಾಕಮ್ಮ ಅದೆಲ್ಲ? ಸಮಾಧಾನ ಆಯ್ತಲ್ಲ."

ಮಗಳು ಕಾಗದವನ್ನು ಎತ್ತಿ ಬೆಳಕಿಗೆ ಹಿಡಿದಳು. "ಅಪ್ಪ, ನಿಮ್ಮ ಚಾರ್ಟಿಗೆ ಹದಿಮೂರನೇದು ಸೇರಿಸಿ. ಬೆರಳು ತಗೊಂಡವನು ಹೆಬ್ಬೆಟ್ಟನ್ನೂ ತಗೊಳ್ಳಲಿ."

ಬಾಣಲೆ ಅವಳ ಕೆನ್ನೆಗೆ ಹೊಡೆದಳು. ಫಟ್ಟನೆ ಹೊಡೆದ ಸದ್ದಿಗೆ ಮುದುಕಿಯ ಚಮಚ ಬಟ್ಟಲಿಗೆ ಬಿತ್ತು.

"ಅಪ್ಪನ ಮುಂದೆ ನಾಲಿಗೆ ಉದ್ದ ಮಾಡ್ತೀಯಾ? ಈ ಮನೆ ಯಾರದು? ಈ ಅನ್ನ ಯಾರದು? ನಾಳೆ ಬೀದಿಗೆ ಬಿದ್ದರೆ ನಿನ್ನ ಔಷಧಿ ಅಂಗಡಿ ಕಪಾಟಿನಲ್ಲಿ ಮಲಗ್ತೀವಾ ನಾವು?"

ಮಗಳು ಅಳಲಿಲ್ಲ. ಕೆನ್ನೆ ಒತ್ತಿಕೊಂಡು, "ನೀವು ಏನು ಮಾಡಿದ್ರಿ ಅಮ್ಮ?" ಅಂದಳು. "ಅಪ್ಪ ಮಾಡಿದ್ದು ಗೊತ್ತಾಯ್ತು. ನೀವು ಏನು ಮಾಡಿದ್ರಿ ಅಂತ ಗುಬ್ಬಿಯ ಅಮ್ಮನಿಗೆ ಸರಿಯಾಗಿ ಸನ್ನೆ ಮಾಡೋಕೆ ಬರಲಿಲ್ಲ. ಹೀಗೆ, ಹೀಗೆ ಏನೋ ಬಿಚ್ಚಿ ಕೊಟ್ಟರು ಅಂತ ತೋರಿಸಿದ್ಳು."

ಅವಳು ಎರಡೂ ಕೈಯಲ್ಲಿ ತೋರಿಸಿದಳು: ಒಂದು ಹ್ಯಾಂಗರ್ ಬಿಚ್ಚುವ ಹಾಗೆ, ನೆಟ್ಟಗೆ ಮಾಡುವ ಹಾಗೆ.

ಬಾಣಲೆ ಪಾತ್ರೆ ತೊಳೆಯಲು ಹೋದಳು. ತೊಳೆದದ್ದನ್ನೇ ಇನ್ನೊಮ್ಮೆ ತೊಳೆದಳು.

ಭಾನುವಾರ ಚರ್ಚು ತುಂಬಿತ್ತು. ಅಯ್ಯನವರು ಕ್ಷಮೆಯ ಬಗ್ಗೆಯೇ ಮಾತಾಡಿದರು. ಹೆಸರು ಹೇಳದೆ, ಎಲ್ಲರಿಗೂ ತಿಳಿಯುವ ಹಾಗೆ. ಮೇಸ್ತ್ರಿ ರೊಟ್ಟಿಯ ತಟ್ಟೆ ಹಿಡಿದು, ಹಿಂದಿನಿಂದ ಶುರುಮಾಡಿ, ಬೆಂಚಿನಿಂದ ಬೆಂಚಿಗೆ ಬಂದ. ಹೆಂಗಸರ ಕಡೆಯ ಕೊನೆಯ ಬೆಂಚಿನಲ್ಲಿ ಗುಬ್ಬಿ ಅಭ್ಯಾಸಬಲದಿಂದ ಬಲಗೈ ಚಾಚಿದಳು. ಬಿಳಿ ಬಟ್ಟೆಯ ಉಂಡೆಗೆ ತಾಗಿ ರೊಟ್ಟಿಯ ಚೂರು ನೆಲಕ್ಕೆ ಬಿತ್ತು. ಮೇಸ್ತ್ರಿ ಬಗ್ಗಿ ಅದನ್ನು ಎತ್ತಿಕೊಂಡು, ಇನ್ನೊಂದನ್ನು ಅವಳ ಎಡಗೈಗೆ ಇಟ್ಟು, ಮುಖದಲ್ಲಿ ಏನೂ ಇಲ್ಲದೆ ಮುಂದಿನವರಿಗೆ ಹೋದ. ಬಾಣಲೆ ಮೂರು ಬೆಂಚು ಮುಂದೆ ಕುತ್ತಿಗೆ ತಿರುಗಿಸಿ ಎಲ್ಲ ನೋಡಿದಳು.

ತಟ್ಟೆ ಅವಳ ಹತ್ತಿರ ಬಂತು.

"ಬೇಡ," ಅಂದಳು.

"ತಗೋ," ಎಂದ ಗಂಡ ತುಟಿ ಅಲ್ಲಾಡಿಸದೆ.

"ಬೇಡ ಅಂದೆನಲ್ಲ!"

ಬಾಣಲೆಗೆ ಪಿಸುಮಾತು ಗೊತ್ತಿಲ್ಲ. ಮುಂದಿನ ಬೆಂಚಿನ ಮಗು ಸಹ ತಿರುಗಿ ನೋಡಿತು.

ಮನೆಗೆ ಬಂದ ಮೇಲೆ ಮೇಸ್ತ್ರಿ ಟೈ ಬಿಚ್ಚದೆ ಕೂಗಾಡಿದ. "ಇಡೀ ಸಭೆ ಮುಂದೆ ಮರ್ಯಾದೆ ತೆಗೆದೆ! ಹೆಂಡತೀನೇ ನನ್ನ ಕೈಯಿಂದ ತಗೊಳ್ಳಲ್ಲ ಅಂದ್ರೆ ಜನ ಏನಂತಾರೆ?"

"ಜನಕ್ಕೆ ಬಾಯಿದೆ, ಅನ್ನಲಿ. ಅವಳ ಕೈಯಿಂದ ಬಿದ್ದದ್ದು ನೋಡಿದಿರಾ?"

"ಎತ್ತಿದೆನಲ್ಲ!"

"ಎತ್ತಿದಿರಿ. ತಂತಿ ಬಿಚ್ಚಿದಷ್ಟೇ ಬೇಗ ಎತ್ತಿದಿರಿ."

"ತಂತಿ ಕೊಟ್ಟವಳು ಯಾರು?"

"ನಾನು! ನಾನೇ ಕೊಟ್ಟೆ! ಅದಕ್ಕೇ ನನ್ನ ಗಂಟಲಲ್ಲಿ ಇಳಿಯಲ್ಲ ಅಂದದ್ದು. ನಿಮಗೆ ಹೇಗೆ ಇಳೀತು?"

"ಮಂಗಳವಾರ ತಪಾಸಣೆ," ಎಂದ ಮೇಸ್ತ್ರಿ, ದನಿ ಇಳಿಸಿ. "ಬಾಯಿ ಬಿಟ್ಟೆ ಅಂದ್ರೆ ಈ ಮನೆ ಇಲ್ಲ. ನನ್ನ ಕೆಲಸ ಇಲ್ಲ, ನಿನ್ನ ಕೆಲಸ ಇಲ್ಲ. ಅವಳೇ ಹೆಬ್ಬೆಟ್ಟು ಒತ್ತಿದ್ದಾಳೆ, ನಿನಗೇನು ಕಡಿತ?"

ಬಾಣಲೆ ಉತ್ತರ ಕೊಡಲಿಲ್ಲ. ಅವಳು ಉತ್ತರ ಕೊಡದಿದ್ದದ್ದು ನೋಡಿ ಮುದುಕಿ ಹೆದರಿದಳು. ಇಪ್ಪತ್ತಾರು ವರ್ಷದಲ್ಲಿ ಹಾಗಾದದ್ದೇ ಇಲ್ಲ.

ತಪಾಸಣೆಗೆ ಬಂದವಳು ನೆಗಡಿ ಹಿಡಿದ ಒಬ್ಬ ಹೆಂಗಸು. ಮ್ಯಾನೇಜರ್ ಕೋಣೆಯಲ್ಲಿ ಕೂತು, ಮೂಗು ಒರೆಸುತ್ತ, ಒಬ್ಬೊಬ್ಬರನ್ನೇ ಕರೆದು ಬರೆದುಕೊಂಡಳು. ಮ್ಯಾನೇಜರ್ ಪಕ್ಕದಲ್ಲಿ, ಮೇಸ್ತ್ರಿ ಬಾಗಿಲ ಹತ್ತಿರ. ಮೊದಲಿಬ್ಬರು ಹೆಂಗಸರು ಎರಡೆರಡು ನಿಮಿಷದಲ್ಲಿ ಮುಗಿಸಿ ಹೋದರು.

"ಅಮ್ಮಾ, ನೀವು ಮಡಚೋ ಕಡೆ ಇದ್ದಿರಿ. ಏನು ಕಾಣಿಸ್ತು?"

"ಎಲ್ಲ ಕಾಣಿಸ್ತು."

ಮ್ಯಾನೇಜರ್ ಕುರ್ಚಿಯಲ್ಲಿ ನೆಟ್ಟಗಾದ. "ಮೇಡಂ, ಈಕೆಗೆ ಸ್ವಲ್ಪ ಮುಂಗೋಪ..."

"ಮುಂಗೋಪ ಇದೆ, ಕುರುಡು ಇಲ್ಲ," ಅಂದಳು ಬಾಣಲೆ. "ಮೇಡಂ, ಬರ್ಕೊಳ್ಳಿ. ಕೈಪಟ್ಟಿ ಕಟ್ಟಿತ್ತು. ತಂತಿಯಿಂದ. ಬೆಳಿಗ್ಗೆ ಹತ್ತೂವರೆಯಿಂದ."

"ಕಟ್ಟಿದವರು?"

"ಮೇಸ್ತ್ರಿ. ನನ್ನ ಗಂಡ. ಅಲ್ಲಿ ನಿಂತಿದ್ದಾರಲ್ಲ, ಅವರೇ. ತಂತಿ ಕೊಟ್ಟವಳು ನಾನು. ಕಟ್ಟಿ ಅಂತ ಬಾಯಿ ಬಡ್ಕೊಂಡವಳೂ ನಾನು."

"ಆದ್ರೆ ಗಾಯ ಆದವರೇ ಬೇರೆ ಹೇಳಿಕೆ ಕೊಟ್ಟಿದ್ದಾರೆ."

"ಅದು ಸುಳ್ಳು. ಅದನ್ನ ಅವಳು ಹೇಳಲಿಲ್ಲ, ನಾವು ಹೇಳಿಸಿದ್ವಿ."

ಮೇಡಂ ಒಂದು ಸಲ ಸೀನಿ, ಹೊಸ ಹಾಳೆ ತೆಗೆದಳು. ಬಾಣಲೆ ಬಾಗಿಲ ಕಡೆ ನೋಡಿದಳು. ಮೇಸ್ತ್ರಿ ಅಲ್ಲಿರಲಿಲ್ಲ.

ಆಮೇಲೆ ನಡೆದದ್ದರಲ್ಲಿ ಯಾರೂ ಅವಳ ಬೆನ್ನು ತಟ್ಟಲಿಲ್ಲ. ರೋಲರಿಗೆ ಬೀಗ ಬಿತ್ತು. ಅದರ ಮೇಲೆ ದಿನಗೂಲಿ ಮಾಡುತ್ತಿದ್ದ ಹೆಂಗಸರು ನಲ್ಲಿಯ ಹತ್ತಿರ ಅವಳಿಗೆ ಬೆನ್ನು ತಿರುಗಿಸಿದರು. "ದೊಡ್ಡ ಸತ್ಯವಂತೆ. ನಮ್ಮ ಒಲೆಗೆ ನೀರು ಹುಯ್ದು ಸ್ವರ್ಗಕ್ಕೆ ಹೊರಟಳು," ಅಂದಳು ಒಬ್ಬಳು, ಕೇಳಿಸಲಿ ಅಂತಲೇ. ಮನೆ ಖಾಲಿ ಮಾಡಲು ಹದಿನೈದು ದಿನದ ನೋಟಿಸು ಬಂತು. ಅಯ್ಯನವರು ಬಂದು ಚಹಾ ಕುಡಿದು, ಗಂಡನ ತಪ್ಪನ್ನು ಮುಚ್ಚುವುದು ಹೆಂಡತಿಯ ಪ್ರೀತಿ ಅಂತ ತಿಳಿಹೇಳಿದರು.

"ನಿಮ್ಮ ಕೈ ರೋಲರಿಗೆ ಸಿಕ್ಕಿದ್ರೂ ಹೀಗೇ ಹೇಳ್ತಿದ್ರಾ ಅಯ್ಯನವರೇ?" ಕೇಳಿದಳು ಬಾಣಲೆ.

ಅಯ್ಯನವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಅವರು ಬಿಟ್ಟದ್ದನ್ನು ಮುದುಕಿ ಕುಡಿದು, "ಸಕ್ಕರೆ ದಂಡ ಮಾಡಬಾರದು," ಅಂದಳು.

ಎಲ್ಲಕ್ಕಿಂತ ಹೆಚ್ಚು ಉರಿದವಳು ಗುಬ್ಬಿ. ವಿಷಯ ತಿಳಿದದ್ದೇ ಕಾಂಪೌಂಡಿಗೆ ಬಂದು, ಬಾಗಿಲಲ್ಲಿ ನಿಂತು ಕೂಗಿದಳು. ಅಷ್ಟು ಸಣ್ಣ ಹೆಂಗಸಿಗೆ ಅಷ್ಟು ದೊಡ್ಡ ಗಂಟಲು ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ.

"ನನ್ನನ್ನ ಸುಳ್ಳಿ ಮಾಡಿದ್ರಲ್ಲ ಅಕ್ಕ! ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸೋವಾಗ ಎಲ್ಲಿ ಹೋಗಿತ್ತು ನಿಮ್ಮ ಸತ್ಯ? ನಾನು ಮೊದಲೇ ಆಗಲ್ಲ ಅಂದೆ. ಸೊಕ್ಕು ಅಂದ್ರಿ. ಈಗ ಆ ಮೇಡಂ ಬಂದು ನನ್ನ ಮುಖಕ್ಕೆ ಕಾಗದ ಹಿಡಿದು, ಯಾಕಮ್ಮ ಸುಳ್ಳು ಹೇಳಿದೆ ಅಂತಾಳೆ. ನನಗೆ! ಬೆರಳೂ ನಂದೇ ಹೋಯ್ತು, ಮಾನವೂ ನಂದೇ ಹೋಯ್ತು."

"ಬೈ," ಅಂದಳು ಬಾಣಲೆ. "ಇನ್ನೂ ಬೈ."

"ನೀವು ಹೇಳಿ ಬೈಸ್ಕೋಬೇಡಿ! ನನಗೆ ಬೇಕಾದಾಗ ಬೈತೀನಿ!" ಅಂದು ಗುಬ್ಬಿ ತಿರುಗಿ ಹೋದಳು.

ಮನೆಯಲ್ಲಿ ಮೇಸ್ತ್ರಿ ಹೆಂಡತಿಯ ಜೊತೆ ಮಾತು ಬಿಟ್ಟಿದ್ದ. ಉಪ್ಪು ಬೇಕಾದರೆ ತಾಯಿಗೆ ಹೇಳುತ್ತಿದ್ದ. ತಾಯಿ ಸೊಸೆಗೆ ಹೇಳುತ್ತಿದ್ದಳು. ಊಟಕ್ಕೆ ಮುಂಚಿನ ಪ್ರಾರ್ಥನೆ ನಿಂತೇ ಹೋಗಿತ್ತು. ಎಲ್ಲರೂ ತಟ್ಟೆ ನೋಡುತ್ತ ಕೂತಾಗ ಮುದುಕಿ ಒಮ್ಮೆ, "ಯಾರಾದ್ರೂ ಏನಾದ್ರೂ ಅನ್ನಿ, ಇಲ್ಲ ತಿನ್ನಿ. ಹೆಣದ ಮನೆ ಆಯ್ತಲ್ಲ," ಎಂದಳು.

ಎರಡನೆಯ ವಾರ ಮೇಸ್ತ್ರಿಯ ಹೇಳಿಕೆ ಕೊಡುವ ಸರದಿ ಬಂತು. ಮ್ಯಾನೇಜರ್ ಮನೆಗೇ ಬಂದು ದಾರಿ ತೋರಿಸಿದ್ದ: ಹೆಂಡತಿಗೆ ತಲೆ ಸರಿಯಿಲ್ಲ, ಮನೆಯ ಜಗಳದ ಸಿಟ್ಟಿಗೆ ಹಾಗೆ ಹೇಳಿದಳು ಅನ್ನು, ಕೆಲಸವೂ ಉಳಿಯುತ್ತದೆ, ಮನೆಯೂ ಉಳಿಯುತ್ತದೆ.

ಬೆಳಿಗ್ಗೆ ಮೇಸ್ತ್ರಿ ಬಾಯಿ ಬಿಟ್ಟ. ಹನ್ನೊಂದು ದಿನದ ಮೇಲೆ ಮೊದಲ ಮಾತು. "ನಿನಗೆ ಹುಚ್ಚು ಅಂತ ಬರೆಸ್ತೀನಿ."

"ಬರೆಸಿ. ಅಂಗಿ ಕೊಡಿ, ಇಸ್ತ್ರಿ ಮಾಡ್ತೀನಿ. ಸುಕ್ಕು ಅಂಗಿ ಹಾಕ್ಕೊಂಡು ಹೋದ್ರೆ ಹುಚ್ಚರ ಮನೆಯವನು ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ."

"ಅಮ್ಮ!" ಅಂದಳು ಮಗಳು.

"ನೀನು ಸುಮ್ಮನಿರು. ನಿನ್ನ ಅಪ್ಪನ ಬಾಯಿ ಅವರದು. ನನ್ನದು ನಾನು ಖರ್ಚು ಮಾಡಿ ಆಯ್ತು."

ಅವಳು ಕಾಲರನ್ನು ಎರಡು ಸಲ ಒತ್ತಿದಳು, ತೋಳಿನ ಗೆರೆ ನೆಟ್ಟಗೆ ಕೂರಿಸಿದಳು. ಅವನು ಬಿಸಿ ಅಂಗಿ ಹಾಕಿಕೊಂಡು, ಏನೂ ತಿನ್ನದೆ ಹೋದ.

ಹಿಂದಿರುಗಿದ್ದು ಮಧ್ಯಾಹ್ನ ಎರಡಕ್ಕೆ. ಆ ಹೊತ್ತಿಗೆ ಅರ್ಧ ಮನೆ ಪೆಟ್ಟಿಗೆಯೊಳಗಿತ್ತು. ಮೇಸ್ತ್ರಿ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹೆಂಡತಿ ಹಗ್ಗ ಬಿಗಿಯುತ್ತಿದ್ದ ಪೆಟ್ಟಿಗೆಯ ಮೇಲೆಯೇ ಕೂತ.

"ಹಗ್ಗದ ಮೇಲೆ ಕೂತಿದ್ದೀರಿ," ಅಂದಳು ಬಾಣಲೆ.

ಅವನು ಏಳಲಿಲ್ಲ. "ಕಟ್ಟಿದೆ ಅಂತ ಬರೆಸಿದೆ. ಕಾಗದ ನಾನೇ ಒಯ್ದೆ, ಅಯ್ಯನವರನ್ನ ನಾನೇ ಕಳಿಸಿದೆ ಅಂತಲೂ ಬರೆಸಿದೆ."

"ಹುಚ್ಚಿನ ವಿಷಯ?"

"ಹೇಳೋಣ ಅಂತಲೇ ಹೋದೆ. ಆ ಮೇಡಂ ಗುಬ್ಬಿಯ ಕೈಯ ಫೋಟೋ ಎದುರಿಗಿಟ್ಟಳು. ಬಟ್ಟೆ ಬಿಚ್ಚಿದ್ದು. ನಾನು ಬಟ್ಟೆ ಸುತ್ತಿದ್ದನ್ನೇ ನೋಡಿದ್ದೆ." ಅವನು ಮುಖ ಆ ಕಡೆ ತಿರುಗಿಸಿದ. "ನಿನಗೋಸ್ಕರ ಹೇಳಲಿಲ್ಲ, ತಿಳ್ಕೊ. ನಿನ್ನ ಮೇಲಿನ ಸಿಟ್ಟು ಹಾಗೇ ಇದೆ. ಸಾಯೋ ತನಕ ಇರುತ್ತೆ."

"ಇರಲಿ. ಈಗ ಏಳಿ, ಹಗ್ಗ ಬಿಗೀಬೇಕು."

"ಶಿಷ್ಯರ ಪಾಠವನ್ನೂ ಬಿಡಿಸಿದ್ರು. ಇವತ್ತಿಂದಲೇ."

"ಅವನಿಗೆ ಏನಾದ್ರೂ ತಿನ್ನೋಕೆ ಕೊಡೇ," ಎಂದು ಕೂಗಿದಳು ಮುದುಕಿ ಒಳಗಿನಿಂದ. "ನಿಮ್ಮ ಮಹಾಯುದ್ಧ ಪೆಟ್ಟಿಗೆ ಕಟ್ಟಿದ ಮೇಲೆ ಮುಂದುವರಿಸಿ."

ಬಾಣಲೆ ಬ್ರೆಡ್ಡೂ ಎರಡು ಬೇಯಿಸಿದ ಮೊಟ್ಟೆಯೂ ತಂದಿಟ್ಟಳು. ಅವನು ಒಂದನ್ನು ತಿಂದ. ಇನ್ನೊಂದನ್ನು ಅವಳ ಕಡೆಗೆ ತಳ್ಳಿದ, ನೋಡದೆ. ಅವಳು ಅದನ್ನು ತಿನ್ನಲಿಲ್ಲ, ವಾಪಸ್ಸೂ ತಳ್ಳಲಿಲ್ಲ; ಮುದುಕಿಯ ಬಟ್ಟಲಿಗೆ ಹಾಕಿದಳು.

ಭಾನುವಾರ ಅವರು ಹೊಸ ಬಾಡಿಗೆ ಕೋಣೆಯಿಂದ ಚರ್ಚಿಗೆ ನಡೆದರು. ಮುದುಕಿ ಮೊಮ್ಮಗಳ ತೋಳು ಹಿಡಿದು ಮುಂದೆ, ಮೇಸ್ತ್ರಿ ಹತ್ತು ಹೆಜ್ಜೆ ಹಿಂದೆ, ಬಾಣಲೆ ಅವನಿಗಿಂತ ಹತ್ತು ಹೆಜ್ಜೆ ಹಿಂದೆ. ಹಿರಿಯರ ಬೆಂಚಿನಲ್ಲಿ ಬೇರೊಬ್ಬ ಕೂತಿದ್ದ. ಮೇಸ್ತ್ರಿ ಗಂಡಸರ ಕಡೆಯ ಕೊನೆಯ ಬೆಂಚಿಗೆ ಹೋಗಿ ಕೂತ. ಅವನು ಕೂತ ತಕ್ಷಣ ಅಲ್ಲಿದ್ದ ಇಬ್ಬರು ಎದ್ದು ಮುಂದೆ ಹೋದರು.

ಬಾಣಲೆ ತನ್ನ ಹಳೆಯ ಜಾಗಕ್ಕೆ ಹೋದಳು. ಅಲ್ಲಿದ್ದ ಹೆಂಗಸು ಚೀಲವನ್ನು ಬೆಂಚಿನ ಮೇಲಿಟ್ಟು, "ಬರೋರಿದ್ದಾರೆ," ಅಂದಳು. ಯಾರೂ ಬರುವವರಿರಲಿಲ್ಲ. ಮತ್ತೊಂದು ದಿನವಾಗಿದ್ದರೆ ಬಾಣಲೆ ಆ ಚೀಲವನ್ನು ಕಿಟಕಿಯಾಚೆ ಎಸೆಯುತ್ತಿದ್ದಳು. ಹಲ್ಲು ಕಚ್ಚಿಕೊಂಡು ಹಿಂದಕ್ಕೆ ನಡೆದಳು.

ಕೊನೆಯ ಬೆಂಚಿನಲ್ಲಿ ಗುಬ್ಬಿ ಒಬ್ಬಳೇ ಇದ್ದಳು. ಬಟ್ಟೆ ಬಿಚ್ಚಿದ ಕೈ ಮಡಿಲಲ್ಲಿ, ಕೆಂಪಗೆ, ಹೆಬ್ಬೆಟ್ಟೂ ಕಿರುಬೆರಳೂ ಮಾತ್ರ ಉಳಿದು. ಬಾಣಲೆ ಕೇಳದೆ ಅವಳ ಪಕ್ಕ ಕೂತಳು. ಹಾಡು ಶುರುವಾಯಿತು. ಗುಬ್ಬಿ ಎದ್ದು ಹೋಗಲಿಲ್ಲ, ಹಾಡಲೂ ಇಲ್ಲ.

ಎರಡನೆಯ ಹಾಡಿನ ಹೊತ್ತಿಗೆ, ತಲೆ ತಿರುಗಿಸದೆ, "ಅಷ್ಟು ಒತ್ತಿಕೊಂಡು ಕೂರಬೇಡಿ ಅಕ್ಕ. ಕೈಗೆ ತಾಗುತ್ತೆ," ಅಂದಳು.

ಬಾಣಲೆ ಒಂದು ಗೇಣು ಸರಿದಳು. ಅದಕ್ಕಿಂತ ಹೆಚ್ಚು ಸರಿಯಲಿಲ್ಲ.